ಮೂಡಲು ಮೇಲಿದ್ದ ನಕ್ಷೆ

ಅಥವಾ ಬೀರ ಬರೆದ ಆ ನಕ್ಷೆಯನ್ನು ನಾನು ಮೊದಲು ನೋಡಿದ್ದು ಮಾರನೆಯ ದಿನವೇ ಇರಬಹುದು, ಎಲ್ಲರ ಜೊತೆಗೆ, ಪರೀಕ್ಷಕರ ಮೇಜಿನ ಮೇಲೆ. ಹಾಗಿದ್ದರೆ ಇಲ್ಲಿ ಬರೆಯುವಂಥದ್ದು ಏನೂ ಇಲ್ಲ. ಇಬ್ಬರು ಹುಡುಗರು ಪರೀಕ್ಷೆಗೆ ನಿಂತರು, ಒಬ್ಬ ಪಾಸಾದ, ಇನ್ನೊಬ್ಬ ಆಗಲಿಲ್ಲ. ಆದರೆ ಹಿಂದಿನ ದಿನವೇ, ಅಕ್ಕೂರು ಕೆರೆ ಏರಿಯ ಮೇಲೆ, ಬೀರನ ಕಂಬಳಿಯ ಅಡಿಯಲ್ಲಿ ನಾನು ಅದನ್ನು ನೋಡಿದ್ದೆ, ನೋಡಿ ಬಾಯಿ ಮುಚ್ಚಿಕೊಂಡಿದ್ದೆ ಅಂತ ನನ್ನೊಳಗೆ ಏನೋ ಇಷ್ಟು ವರ್ಷದಿಂದ ಹೇಳುತ್ತಲೇ ಇದೆ. ಹೇಳುತ್ತಿರುವುದು ನೆನಪೋ, ನನ್ನ ಮೇಲೆ ನನಗೇ ಇರುವ ಗುಮಾನಿಯೋ, ಬೇರೆ ಮಾಡಲು ಆಗುತ್ತಿಲ್ಲ.

ಹೋದ ವಾರ ಚನ್ನಪಟ್ಟಣದಲ್ಲಿ ಬಸ್ಸಿಗೆ ಕಾಯುವಾಗ ಮಳೆ ಬಂತು. ಅಂಗಡಿಯ ಸೂರಿನಡಿ ನುಗ್ಗಿದವರಲ್ಲಿ ಕುರಿ ಕಾಯುವವನೊಬ್ಬ ನನ್ನ ಪಕ್ಕಕ್ಕೇ ಬಂದು ನಿಂತ. ನೆಂದ ಕಂಬಳಿ. ಒದ್ದೆ ಉಣ್ಣೆ, ಹಿಕ್ಕೆ, ಹೊಗೆ, ಹುಳಿ ಮಜ್ಜಿಗೆ ಎಲ್ಲ ಕಲೆತ ವಾಸನೆ. ನಾನು ಎರಡು ಹೆಜ್ಜೆ ಸರಿದೆ, ಆಮೇಲೆ ಮತ್ತೆ ಹತ್ತಿರ ಹೋದೆ. ಹಳೆಯದೊಂದು ಉರಿ ಎದ್ದಿತು. ಅದನ್ನು ದುಃಖ ಅಂದುಕೊಳ್ಳಲು ಒಂದು ಕ್ಷಣ ಪ್ರಯತ್ನಪಟ್ಟೆ. ದುಃಖವಲ್ಲ, ಮತ್ಸರ. ಅರವತ್ತು ದಾಟಿದವನಿಗೆ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಮೇಲೆ.

ಆ ವರ್ಷ ನಮ್ಮ ಶಾಲೆಗೆ ಸ್ಕೌಟು ಬಂದಿತ್ತು. ಮಹಾರಾಜರ ಸರ್ಕಾರ ಎಲ್ಲ ಕಡೆ ಶುರುಮಾಡಿಸುತ್ತಿದೆ ಅಂತ ಡ್ರಿಲ್ ಮೇಷ್ಟ್ರು ವೆಂಕೋಬರಾಯರು ಬೆಂಗಳೂರಿಗೆ ಹೋಗಿ ಕಲಿತು ಬಂದರು. ಹೋಗುವಾಗ ಕಚ್ಚೆಪಂಚೆ, ಬರುವಾಗ ಖಾಕಿ ಚಡ್ಡಿ. ಅವರ ಮೊಣಕಾಲನ್ನು ಚನ್ನಪಟ್ಟಣ ನೋಡಿದ್ದು ಅದೇ ಮೊದಲು. ಸ್ಕೌಟುಗಳು ಒಬ್ಬರಿಗೊಬ್ಬರು ಎಡಗೈ ಕುಲುಕಬೇಕು ಅಂತ ಅವರು ಹೇಳಿಕೊಟ್ಟ ದಿನ ನಾನು ಮನೆಗೆ ಬಂದು ಅಪ್ಪನ ಮುಂದೆ ಎಡಗೈ ಚಾಚಿದೆ. ಅಜ್ಜಿ ಆ ಕೈಗೆ ಹುಣಿಸೆಹಣ್ಣು ಹಚ್ಚಿ ತಂಬಿಗೆ ಉಜ್ಜಿದ ಹಾಗೆ ಉಜ್ಜಿದಳು.

ಸ್ಕೌಟಿನಲ್ಲಿ ಮೂರು ಮೆಟ್ಟಿಲು. ಮೊದಲನೆಯದು ಟೆಂಡರ್‌ಫೂಟ್, ಅಂದರೆ ಎಳೆಗಾಲಿನವನು. ಪ್ರತಿಜ್ಞೆ, ನಿಯಮ, ಬಾವುಟ, ಒಂದಷ್ಟು ಗಂಟು ಬಂದರೆ ಅದು ಸಿಗುತ್ತದೆ. ಆಮೇಲೆ ಸೆಕೆಂಡ್ ಕ್ಲಾಸ್, ಕೊನೆಗೆ ಫಸ್ಟ್ ಕ್ಲಾಸ್. ನಡುನಡುವೆ ಅಡುಗೆ, ಪ್ರಥಮ ಚಿಕಿತ್ಸೆ, ಬಾವುಟದ ಸನ್ನೆ ಹೀಗೆ ಒಂದೊಂದು ವಿದ್ಯೆಗೆ ಒಂದೊಂದು ಬಿಲ್ಲೆ. ಬೆಂಗಳೂರಿನಿಂದ ಬರಬೇಕಾದ ಬಟ್ಟೆಯ ಬಿಲ್ಲೆಗಳು ಬರಲೇ ಇಲ್ಲ. ಮೇಷ್ಟ್ರು ಬೊಂಬೆ ಮಾಡುವ ಸಾಹೇಬರೊಬ್ಬರಿಗೆ ಹೇಳಿ, ಹಾಲೆಮರದಲ್ಲಿ ಕಾಸಿನಗಲದ ಬಿಲ್ಲೆಗಳನ್ನು ಕಡೆಸಿ, ಬೊಂಬೆಗೆ ಹಚ್ಚುವ ಅರಗಿನ ಬಣ್ಣವನ್ನೇ ಹಾಕಿಸಿದರು. ಎಳೆಗಾಲಿಗೆ ಹಸಿರು, ಸೆಕೆಂಡ್ ಕ್ಲಾಸಿಗೆ ಹಳದಿ, ಫಸ್ಟ್ ಕ್ಲಾಸಿಗೆ ಕೆಂಪು. ಎರಡು ತೂತು, ದಾರ ಹಾಕಿ ತೋಳಿಗೆ ಹೊಲಿದುಕೊಳ್ಳಬೇಕು. ಬಿಸಿಲಲ್ಲಿ ನಿಂತರೆ ಹೊಳೆಯುತ್ತಿದ್ದವು.

ಆ ವರ್ಷದ ಕೊನೆಗೆ ಮೈಸೂರಿನಲ್ಲಿ ಕ್ಯಾಂಪು. ಮಹಾರಾಜರು ಸ್ಕೌಟುಗಳ ಸಾಲಿನ ಮುಂದೆ ಹಾದುಹೋಗುತ್ತಾರೆ. ನಮ್ಮ ಶಾಲೆಯಿಂದ ಒಬ್ಬನಿಗೆ ಮಾತ್ರ ಜಾಗ, ಅವನು ಕೆಂಪು ಬಿಲ್ಲೆಯವನಾಗಿರಬೇಕು. ಇದನ್ನು ಹೇಳಿದಾಗ ಮೇಷ್ಟ್ರು ಯಾರ ಮುಖವನ್ನೂ ನೋಡಲಿಲ್ಲ. ಉಳಿದ ಹುಡುಗರೆಲ್ಲ ಬೀರನ ಮುಖ ನೋಡಿದರು.

ಬೀರನ ಹಟ್ಟಿ ಊರಿನಿಂದ ಒಂದು ಮೈಲಿ ಆಚೆ. ಅವನಪ್ಪನಿಗೆ ಒಂದಿಷ್ಟು ಹೊಲ, ಬೇಕಾದಷ್ಟು ಕುರಿ. ನಾನು ಪೇಟೆ ಬೀದಿಯ ಎಣ್ಣೆ ಅಂಗಡಿಯವರ ಮಗ. ಸ್ಕೌಟು ಬರುವ ತನಕ ನನಗೆ ಅವನ ಮೇಲೆ ಏನೂ ಇರಲಿಲ್ಲ, ಲೆಕ್ಕದಲ್ಲಿ ನಾನು ಮುಂದು, ಅವನು ಹಿಂದು, ಇಬ್ಬರೂ ಸುಖವಾಗಿದ್ದೆವು.

ಗಂಟು ಹಾಕುವುದನ್ನು ನಾನು ಮೇಷ್ಟ್ರ ಪುಸ್ತಕದ ಚಿತ್ರ ನೋಡಿಕೊಂಡು, ಮಂಚದ ಕಾಲಿಗೆ ಅವ್ವನ ದಾರ ಸುತ್ತಿ, ಎಷ್ಟೋ ದಿನ ಕಲಿತೆ. ಮೇಷ್ಟ್ರು ಗೂಟಕ್ಕೆ ಹಗ್ಗ ಸುತ್ತುವುದನ್ನು ಬೀರ ಒಂದೇ ಸಲ ನೋಡಿದ.

"ಇದು ಮರಿ ಕಟ್ಟೋ ಗಂಟಲ್ವಾ ಸಾ?" ಅಂದ. ಮಾಡಿಯೂ ತೋರಿಸಿದ, ನೋಡದೆ, ಒಂದೇ ಕೈಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ಇದ್ಕೂ ಬಿಲ್ಲೆ ಕೊಡ್ತಾರೇನ್ಲಾ ಮಾದೇವ? ಹಂಗಾದ್ರೆ ನಮ್ಮವ್ವನ ಸೀರೆ ತುಂಬ ಬಿಲ್ಲೆ ಹೊಲಿಬೇಕಾಯ್ತದೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ತಮಾಷೆಗೆ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದ ಅನ್ನುವುದು ನನ್ನನ್ನು ಇನ್ನಷ್ಟು ಸುಟ್ಟಿತು.

ಸೆಕೆಂಡ್ ಕ್ಲಾಸಿಗೆ ಒಲೆ ಹೊತ್ತಿಸುವ ಪರೀಕ್ಷೆ. ಪುಸ್ತಕದಲ್ಲಿ ಮಾಂಸ ಬೇಯಿಸಬೇಕು ಅಂತ ಇತ್ತಂತೆ, ನಮ್ಮಲ್ಲಿ ಅರ್ಧ ಜನ ತಿನ್ನದವರು ಅಂತ ಮೇಷ್ಟ್ರು ಅದನ್ನು ಅನ್ನ, ಆಲೂಗಡ್ಡೆ ಮಾಡಿದರು. ಆಷಾಢದ ಗಾಳಿ, ಜೊತೆಗೆ ಜಿನುಗು ಮಳೆ. ಎರಡಕ್ಕಿಂತ ಹೆಚ್ಚು ಬೆಂಕಿಕಡ್ಡಿ ಬಳಸಕೂಡದು. ನನ್ನ ಮೊದಲ ಕಡ್ಡಿ ಆರಿತು. ಎರಡನೆಯದನ್ನು ಎದೆಗೆ ಆನಿಸಿಕೊಂಡು ಗೀರಿದೆ, ಹೊತ್ತಿತು. ಗೆದ್ದೆ ಅಂತ ತಲೆ ಎತ್ತಿದರೆ ಬೀರನ ಒಲೆ ಆಗಲೇ ಭಗಭಗ ಉರಿಯುತ್ತಿದೆ. ಕಡ್ಡಿಪೆಟ್ಟಿಗೆ ತೆರೆದೇ ಇಲ್ಲ. ಸೊಂಟದ ಚೀಲದಿಂದ ಚಕಮಕಿ ಕಲ್ಲು, ಒಸಿ ಅರಳೆ ತೆಗೆದು ಕೆಲಸ ಮುಗಿಸಿದ್ದ.

"ಸಾರ್, ರೂಲಿನಲ್ಲಿ ಬೆಂಕಿಕಡ್ಡಿ ಅಂತ ಇದೆ," ಅಂದೆ ನಾನು.

ವೆಂಕೋಬರಾಯರು ಪುಸ್ತಕ ತೆಗೆದು, ಮಳೆಹನಿ ಒರೆಸಿ, ಎರಡು ಸಲ ಓದಿದರು. "ಎರಡಕ್ಕಿಂತ ಹೆಚ್ಚು ಬಳಸಕೂಡದು ಅಂತ ಇದೆ ಕಣಯ್ಯ. ಇವನು ಬಳಸೇ ಇಲ್ಲ. ಏನು ಮಾಡೋಣ, ನೀನೇ ಹೇಳು."

"ಬೇಕಾದ್ರೆ ಎಲ್ಡು ಕಡ್ಡಿ ಗೀರಿ ಬಿಸಾಕ್ತೀನಿ ಸಾ," ಅಂದ ಬೀರ. "ಮಾದೇವಂಗೆ ಸಮಾಧಾನ ಆಗ್ಲಿ."

ಪ್ರಥಮ ಚಿಕಿತ್ಸೆಯ ದಿನ ಎರಡು ಕೋಲಿಗೆ ತನ್ನ ಕಂಬಳಿ ಸುತ್ತಿ ಡೋಲಿ ಮಾಡಿದ. ಹೊತ್ತು ತೋರಿಸಲು ಕಾಲು ಮುರಿದವನೊಬ್ಬ ಬೇಕಲ್ಲ, ಮೇಷ್ಟ್ರು ನನ್ನನ್ನು ಮಲಗಿಸಿದರು. ಶಾಲೆಯ ಸುತ್ತ ಒಂದು ಸುತ್ತು ಬೀರ ಇನ್ನೊಬ್ಬ ಹುಡುಗನ ಜೊತೆ ನನ್ನನ್ನು ಹೊತ್ತ. ನಾನು ಕಣ್ಣು ಮುಚ್ಚಿ, ಸತ್ತವನ ಹಾಗೆ ಮಲಗಿದ್ದೆ. ಆ ಹೊತ್ತಿಗೆ ಅವನ ತೋಳಲ್ಲಿ ಆರು ಬಿಲ್ಲೆ, ನನ್ನದರಲ್ಲಿ ಎರಡು. ಅಜ್ಜಿಗೂ ಸುದ್ದಿ ಮುಟ್ಟಿತ್ತು. "ಆ ಕುರಿಯೋರ ಹುಡುಗನ್ ತೋಳು ಗೌರಮ್ಮನ ತೋಳ್ ಆದಂಗೆ ಐತಂತೆ. ನಿಂದ್ಯಾಕ್ಲಾ ಹಿಂಗೆ ಬೋಳು?" ಅಂತ ಊಟಕ್ಕೆ ಕೂತಾಗ ಕೇಳಿದಳು.

ಒಂದರಲ್ಲಿ ಮಾತ್ರ ನಾನು ಅವನನ್ನು ಸೋಲಿಸಿದೆ. ತಟ್ಟೆಯಲ್ಲಿ ಇಪ್ಪತ್ತನಾಲ್ಕು ಸಾಮಾನು ಇಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚುತ್ತಾರೆ. ನೆನಪಿನಿಂದ ಬರೆಯಬೇಕು. ನಾನು ಇಪ್ಪತ್ತೆರಡು ಬರೆದೆ, ಬೀರ ಹದಿನೇಳು. ಇಪ್ಪತ್ತೆರಡು ಅನ್ನುವುದನ್ನು ಮರೆತಿಲ್ಲ. ತಟ್ಟೆಯಲ್ಲಿ ಏನೇನಿತ್ತು ಅಂದರೆ ಒಂದು ಬೀಗ, ಒಂದು ಬೊಂಬೆಯ ತಲೆ. ಇನ್ನೇನೂ ಬರುತ್ತಿಲ್ಲ. ಇಷ್ಟು ನೆನಪು ಉಳಿದವನು ಒಂದು ಮಧ್ಯಾಹ್ನದ ಬಗ್ಗೆ ಸಾಕ್ಷಿ ಹೇಳಲು ಕೂತಿದ್ದೇನೆ.

ಫಸ್ಟ್ ಕ್ಲಾಸಿಗೆ ಕೊನೆಯ ಪರೀಕ್ಷೆ ನಡಿಗೆ. ಅಕ್ಕೂರಿಗೆ ನಡೆದು ಹೋಗಿ ಬರಬೇಕು, ಹೋಗಿ ಬಂದು ಹದಿನಾಲ್ಕು ಮೈಲಿ. ದಾರಿಯಲ್ಲಿ ಕಂಡದ್ದನ್ನು ಬರೆಯಬೇಕು, ದಾರಿಯ ನಕ್ಷೆ ತೆಗೆಯಬೇಕು. ಅಷ್ಟು ದೂರ ಬಂದಿದ್ದವರು ನಾವಿಬ್ಬರೇ. ಜೊತೆಯಾಗಿ ನಡೆಯಿರಿ, ಒಬ್ಬರಿಗೊಬ್ಬರು ನೆರವಾಗಿ, ಆದರೆ ಒಬ್ಬರದನ್ನು ಒಬ್ಬರು ನೋಡಿ ಬರೆಯಬೇಡಿ ಅಂತ ಮೇಷ್ಟ್ರು ಹೇಳಿ ಕಳಿಸಿದರು. ನೆರವು ಎಲ್ಲಿಗೆ ಮುಗಿಯುತ್ತದೆ, ನೋಡುವುದು ಎಲ್ಲಿಂದ ಶುರುವಾಗುತ್ತದೆ ಅಂತ ಅವರು ಹೇಳಲಿಲ್ಲ.

ನಾನು ಹೊಸ ಬೂಟು ಹಾಕಿದ್ದೆ, ಬೀರ ಬರಿಗಾಲು. ಎರಡನೆಯ ಮೈಲಿಗೇ ನನ್ನ ಹಿಮ್ಮಡಿ ಸುಲಿಯಿತು. ಬೀರ ಯಾವುದೋ ಸೊಪ್ಪು ಅರೆದು ಕಟ್ಟಿದ. ಕಟ್ಟುತ್ತಾ ಕಟ್ಟುತ್ತಾ ಸುತ್ತಲಿನದನ್ನೆಲ್ಲ ಹೇಳಿದ. ಈ ಹಳ್ಳ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಆ ಗುಡ್ಡದ ಬೆನ್ನ ಹಿಂದೆ ಯಾವ ಊರು, ಯಾವ ಬಾವಿಯ ನೀರು ಸಪ್ಪೆ. ನಾನು ಬರೆದುಕೊಂಡೆ. ಅಕ್ಕೂರಿನ ಕೆರೆ ಏರಿಯ ಉದ್ದವನ್ನು ಅಂದಾಜು ಮಾಡಬೇಕಿತ್ತು. ನನಗೆ ಹೊಳೆಯಲಿಲ್ಲ.

"ನಮ್ಮ ಕುರಿ ಸಾಲಾಗಿ ಹೋದ್ರೆ, ಕಡೇದು ಇಲ್ಲಿದ್ದಾಗ ಮುಂದಿನ್ದು ಆ ತೂಬಿನ್ ತಾವ ಇರ್ತದೆ," ಅಂದ. "ಅಂಥ ಮೂರು ಸಾಲು."

ಎಷ್ಟು ಕುರಿ, ಒಂದು ಕುರಿಗೆ ಎಷ್ಟು ಅಡಿ ಅಂತ ಕೇಳಿ, ಗುಣಿಸಿ, ಗಜದಲ್ಲಿ ಬರೆದೆ. ಅದು ನೆರವು ಅಂದುಕೊಂಡೆ.

ಆಮೇಲೆ ಏರಿಯ ಮೇಲೆ ಕೂತು ಇಬ್ಬರೂ ನಕ್ಷೆ ತೆಗೆದೆವು, ಬೆನ್ನಿಗೆ ಬೆನ್ನು ಕೊಟ್ಟು. ಮುಗಿಯುವ ಹೊತ್ತಿಗೆ ಮಳೆ. ಬೀರ ಎರಡು ಕೋಲು ನಿಲ್ಲಿಸಿ ಮೇಲೆ ಕಂಬಳಿ ಹರವಿದ, ಇಬ್ಬರೂ ಒಳಗೆ ಸೇರಿದೆವು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗ.

ಇಲ್ಲಿ ನನ್ನ ಹತ್ತಿರ ಎರಡು ಮಧ್ಯಾಹ್ನಗಳಿವೆ. ಒಂದರಲ್ಲಿ ಬೀರ ಅಂಗಿಯೊಳಗಿಂದ ಕಾಗದ ತೆಗೆದು, ನೆಂದಿದೆಯೋ ಏನೋ ಅಂತ ಬಿಡಿಸಿ, ಮೊಣಕಾಲ ಮೇಲೆ ಹರವುತ್ತಾನೆ. ಅಕ್ಕೂರು ಕಾಗದದ ಮೇಲ್ತುದಿಯಲ್ಲಿದೆ, ಚನ್ನಪಟ್ಟಣ ತಳದಲ್ಲಿ. ಅಂದರೆ ಮೂಡಲು ಮೇಲಕ್ಕೆ. ನಮ್ಮ ಕಡೆ ದಿಕ್ಕು ಹೇಳುವವರೆಲ್ಲ ಹೊತ್ತು ಹುಟ್ಟುವ ಕಡೆ ಮುಖ ಮಾಡಿಯೇ ಹೇಳುವುದು. ಎದುರಿಗಿರುವುದು ಮೂಡಲು, ಬೆನ್ನಿಗಿರುವುದು ಪಡುವಲು. ಅವನು ತನ್ನ ಎದುರಿಗಿದ್ದದ್ದನ್ನು ಕಾಗದದ ಎದುರಿಗೆ ಇಟ್ಟಿದ್ದಾನೆ. ಉತ್ತರದ ಬಾಣ ಇಲ್ಲ. ನಕ್ಷೆಯಲ್ಲಿ ಮೇಲಿರಬೇಕಾದದ್ದು ಉತ್ತರ, ಬಾಣ ಇಲ್ಲದ ನಕ್ಷೆ ನಕ್ಷೆಯಲ್ಲ ಅಂತ ನನಗೆ ಗೊತ್ತು. ಒಂದು ಮಾತು ಹೇಳಿದರೆ ಸಾಕು. ಹೊಸ ಕಾಗದ ನನ್ನ ಚೀಲದಲ್ಲೇ ಇದೆ. ಮೈಸೂರು, ಕೆಂಪು ಬಿಲ್ಲೆ, ಅಜ್ಜಿಯ ಮಾತು ಎಲ್ಲ ನೆನಪಿಗೆ ಬರುತ್ತದೆ. ನಾನು ಮಳೆ ನೋಡುತ್ತೇನೆ.

ಇನ್ನೊಂದು ಮಧ್ಯಾಹ್ನದಲ್ಲಿ ಅವನು ಕಾಗದ ತೆಗೆಯುವುದೇ ಇಲ್ಲ. ಕಂಬಳಿಯೊಳಗೆ ಕತ್ತಲು, ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುವುದಿಲ್ಲ, ನನ್ನ ಹಿಮ್ಮಡಿ ನೋಯುತ್ತಿದೆ, ಅಷ್ಟೆ.

ಎರಡರಲ್ಲೂ ವಾಸನೆ ಒಂದೇ. ಎರಡನೆಯದು ನನಗೆ ಅನುಕೂಲವಾದದ್ದು, ಅದಕ್ಕೇ ಅದನ್ನು ನಂಬಲು ಹೆದರಿಕೆ.

ಮಾರನೆಯ ದಿನ ಬೆಂಗಳೂರಿನಿಂದ ಬೆಳಗಿನ ರೈಲಿಗೆ ಪರೀಕ್ಷಕರು ಬಂದರು. ಒಳ್ಳೆಯ ಮನುಷ್ಯ. ಬೀರನ ನಕ್ಷೆಯನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ಇದರಲ್ಲಿ ಉತ್ತರ ಎಲ್ಲಿದೆಯಪ್ಪ?"

"ಮೂಡ್ಲು ಮ್ಯಾಲೈತೆ ಸಾ. ಮೂಡ್ಲು ಗೊತ್ತಾದ್ರೆ ಮಿಕ್ಕಿದ್ದೂ ಗೊತ್ತಾಯ್ತದಲ್ಲ."

"ನಕ್ಷೆಯಲ್ಲಿ ಮೇಲಿರೋದು ಉತ್ತರ."

"ಹೊತ್ತು ಹುಟ್ಟೋದು ಆ ಕಡೆ ಅಲ್ಲವಲ್ಲ ಸಾ."

ಹುಡುಗರು ನಕ್ಕರು, ಪರೀಕ್ಷಕರೂ ನಕ್ಕರು. ವೆಂಕೋಬರಾಯರು ನಗಲಿಲ್ಲ. ಪರೀಕ್ಷಕರು ಸ್ಕೇಲು ಇಟ್ಟು ಅಳೆದರು. ದೂರ, ಹಳ್ಳದ ತಿರುವು, ಏರಿ ಎಲ್ಲ ಸರಿಯಾಗಿದೆ, ಬಲು ಸರಿಯಾಗಿದೆ ಅಂತ ಹೇಳಿದರು. ಆದರೆ ಈ ಕಾಗದ ಹಿಡಿದು ಗುರುತಿಲ್ಲದವನೊಬ್ಬ ಹೊರಟರೆ ಅಕ್ಕೂರಿಗೆ ಬದಲು ಮಾಗಡಿ ಕಡೆ ಹೋಗಿಬಿಡುತ್ತಾನೆ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಬಾ ಅಂದರು. ಕ್ಯಾಂಪು ಇದ್ದದ್ದು ಮೂರು ವಾರಕ್ಕೆ.

ಆಮೇಲೆ ನನ್ನ ನಕ್ಷೆ. "ಇದರಲ್ಲಿ ಎಲ್ಲ ಇದೆ," ಅಂದರು.

ಎಲ್ಲ ಇತ್ತು. ಹಳ್ಳ ಬೀರ ಹೇಳಿದ್ದು, ಗುಡ್ಡದಾಚೆಯ ಊರು ಬೀರ ಹೇಳಿದ್ದು, ಏರಿಯ ಗಜಗಳು ಬೀರನ ಕುರಿಗಳು. ನನ್ನದು ಅಂತ ಇದ್ದದ್ದು ಬಾಣ ಒಂದೇ.

ಅವತ್ತೇ ಸಂಜೆ ಮೇಷ್ಟ್ರು ಕೆಂಪು ಬಿಲ್ಲೆ ಕೊಟ್ಟರು. ಬೀರ ಬಂದು ಎಡಗೈ ಚಾಚಿದ. "ಮಾರಾಜ್ರು ಸಿಕ್ರೆ ನಮ್ ಕುರಿಗೋಳು ನಿಮ್ಮನ್ನ ಕೇಳಿದ್ವು ಅಂತ ಹೇಳು ಕಣ್ಲಾ," ಅಂದ. ಅವನ ಮುಖದಲ್ಲಿ ಬೇಸರ ಹುಡುಕಿದೆ. ಇತ್ತೋ ಇಲ್ಲವೋ, ನನಗೆ ಬೇಕಾದಷ್ಟು ಇರಲಿಲ್ಲ. ಗೆದ್ದವನಿಗೆ ಸೋತವನ ಸಂಕಟವೂ ಬೇಕಾಗುತ್ತದೆ, ಅವನು ಅದನ್ನೂ ಕೊಡಲಿಲ್ಲ.

ಮೈಸೂರಿನಲ್ಲಿ ಬಿಸಿಲಲ್ಲಿ ಎರಡು ಗಂಟೆ ನಿಂತೆವು. ಮಹಾರಾಜರು ಹಾದುಹೋದಾಗ ಕತ್ತು ಅಲ್ಲಾಡಿಸಬಾರದು ಅಂತ ಆಜ್ಞೆ. ನನಗೆ ಕಂಡದ್ದು ಒಂದು ಬಿಳಿಯ ಕುದುರೆಯ ಕಾಲುಗಳು. ಕುದುರೆ ಬಿಳಿಯದೇ ಆಗಿತ್ತೇ ಅಂತ ಆಣೆ ಮಾಡಿ ಹೇಳಲಾರೆ. ನಿಂತಷ್ಟು ಹೊತ್ತೂ ನನಗೆ ಒಂದೇ ಯೋಚನೆ, ಬೀರನಾಗಿದ್ದರೆ ಕುದುರೆಯ ಗೊರಸು ನೋಡಿಯೇ ಏನಾದರೂ ಹೇಳುತ್ತಿದ್ದ, ಸಾಲೆಲ್ಲ ನಗುತ್ತಿತ್ತು. ವಾಪಸು ಬಂದಾಗ ಅವನು ಸ್ಕೌಟಿಗೆ ಬರುವುದನ್ನು ನಿಲ್ಲಿಸಿದ್ದ. ಮರುವರ್ಷ ಶಾಲೆಗೂ ಬರಲಿಲ್ಲ.

ನಾನು ಸರ್ವೆ ಇಲಾಖೆ ಸೇರಿದೆ. ಕನಕಪುರ, ಮಾಗಡಿ, ರಾಮನಗರ (ಆಗ ಅದು ಕ್ಲೋಸ್‌ಪೇಟೆ) ಸುತ್ತ ಮೂವತ್ತು ವರ್ಷ ಸರಪಳಿ ಎಳೆಸಿ ನಕ್ಷೆ ಬರೆದೆ. ಪ್ರತಿಯೊಂದರ ಮೇಲೂ ಬಾಣ.

ನಿವೃತ್ತಿಗೆ ಸ್ವಲ್ಪ ಮುಂಚೆ ಹಾರೋಹಳ್ಳಿ ಹತ್ತಿರ ಒಂದು ಹೊಲ ಅಳೆಯುತ್ತಿದ್ದೆ. ಕುರಿ ಹಿಂಡೊಂದು ಸರಪಳಿ ದಾಟಿ ಬಂತು. ಬೈಯಲು ತಿರುಗಿದರೆ ಹಿಂದೆ ಕಂಬಳಿ ಹೊದ್ದ ಒಬ್ಬ, ಗಡ್ಡ ಅರ್ಧ ಬೆಳ್ಳಗಾಗಿತ್ತು.

"ಇನ್ನೂ ಬಾಣ ಬರೀತಾನೇ ಇದ್ದೀಯೇನ್ಲಾ ಮಾದೇವ?" ಅಂದ.

ಹುಣಿಸೆ ಮರದ ಕೆಳಗೆ ಕೂತೆವು. ಸರಪಳಿ ಹಿಡಿಯುವವರನ್ನು ಊಟಕ್ಕೆ ಕಳಿಸಿದೆ. ಅವನ ಹೆಂಡತಿ, ಮಕ್ಕಳು, ನನ್ನ ಮಂಡಿ ನೋವು ಎಲ್ಲ ಆದ ಮೇಲೆ, ತಡೆಯಲಾರದೆ ಹೇಳಿಬಿಟ್ಟೆ. "ಬೀರ, ಅವತ್ತು ಏರಿ ಮೇಲೆ ನಿನ್ನ ನಕ್ಷೆ ನಾನು ನೋಡಿದ್ದೆ ಕಣೋ. ಬಾಣ ಇಲ್ಲ ಅಂತ ಗೊತ್ತಿತ್ತು. ಹೇಳಲಿಲ್ಲ." ನೋಡಿದ್ದೆನೋ ಇಲ್ಲವೋ ಅನ್ನುವ ಅನುಮಾನವನ್ನು ಅವನಿಗೆ ಹೇಳಲಿಲ್ಲ. ಖಚಿತವಾಗಿ ತಪ್ಪೊಪ್ಪಿಕೊಂಡರೆ ಹಗುರಾಗುತ್ತದೆ ಅಂದುಕೊಂಡಿದ್ದೆ.

ಅವನು ಬೀಡಿ ಹಚ್ಚಿದ. "ನಂಗೂ ಗೊತ್ತಿತ್ತು ಕಣ್ಲಾ ಬಾಣ ಹಾಕ್ಬೇಕು ಅಂತ. ಮೇಷ್ಟ್ರು ಹತ್ತು ಸತಿ ಹೇಳಿದ್ರಲ್ಲ. ಬೇಕಂತ್ಲೇ ಬುಟ್ಟೆ."

"ಯಾಕೆ?"

"ಅಪ್ಪನ ಕಾಲು ಉಳುಕಿತ್ತು. ನಾನು ಮೈಸೂರ್ಗೆ ಹೋದ್ರೆ ಕುರಿ ಕಾಯೋರು ಯಾರು? ಬರಾಕಿಲ್ಲ ಅಂದ್ರೆ ಮೇಷ್ಟ್ರಿಗೆ ಬೇಜಾರು. ಫೇಲಾದ್ರೆ ಯಾರ್ಗೂ ಬೇಜಾರಿಲ್ಲ." ಹೊಗೆ ಬಿಟ್ಟು ನಕ್ಕ. "ನೀನು ಅದನ್ನ ಇಷ್ಟು ವರ್ಸ ಹೊತ್ಕೊಂಡು ತಿರುಗ್ತಿದ್ದೀಯಾ? ಒಳ್ಳೆ ಆಸಾಮಿ ಕಣ್ಲಾ ನೀನು."

ಅವನು ಹಿಂಡನ್ನು ಹೊಡೆದುಕೊಂಡು ಹೋದ ಮೇಲೆ ನಾನು ಹಗುರಾಗಿರಲಿಲ್ಲ. ನನ್ನ ಕೆಂಪು ಬಿಲ್ಲೆ ಗೆದ್ದದ್ದೂ ಅಲ್ಲ, ಕದ್ದದ್ದೂ ಅಲ್ಲ, ಅವನು ಬಿಟ್ಟುಕೊಟ್ಟದ್ದು ಅಂತಾಯಿತು. ಕಡೆಗೆ ನನ್ನ ತಪ್ಪಿನಲ್ಲೂ ಅವನೇ ನನ್ನನ್ನು ಮೀರಿಸಿದ್ದ. ಹಾರೋಹಳ್ಳಿಯ ಆ ಹೊಲದಲ್ಲಿ ನಿಂತು, ಬಿಳಿ ಕೂದಲಿನವನು, ಹದಿನಾಲ್ಕರಲ್ಲಿ ಉರಿದಷ್ಟೇ ಉರಿದೆ.

ಆದರೆ ಮೇಷ್ಟ್ರು ಉತ್ತರದ ಬಾಣದ ಬಗ್ಗೆ ಪಾಠ ಮಾಡಿದ ದಿನ ಬೀರ ಶಾಲೆಗೇ ಬಂದಿರಲಿಲ್ಲ ಅಂತ ನನಗೆ ನೆನಪು. ಅವನಪ್ಪ ಆ ತಿಂಗಳು ಕುಂಟಿದ್ದನ್ನು ನಾನು ಕಂಡಿಲ್ಲ. ಬೇಕಂತ ಸೋಲುವ ಹುಡುಗ ಪರೀಕ್ಷಕರ ಜೊತೆ ಹಾಗೆ ವಾದ ಮಾಡುತ್ತಾನೆಯೇ? ಮಾಡಲೂಬಹುದು, ಬೀರನಂಥವನು. ಅವನು ಹೇಳಿದ್ದು ನಿಜವಿರಬಹುದು. ಅಥವಾ ಎದುರಿಗೆ ಕೂತು ಒದ್ದಾಡುತ್ತಿದ್ದ ಹಳೆಯ ಗೆಳೆಯನನ್ನು ನೋಡಿ, ಆ ಬೀಡಿ ಹಚ್ಚುವಷ್ಟು ಹೊತ್ತಿನಲ್ಲಿ ಕಟ್ಟಿದ್ದೂ ಇರಬಹುದು. ಯಾವುದು ಅಂತ ನನಗೆ ಗೊತ್ತಿಲ್ಲ. ಅವನು ಇದ್ದಾನೆ, ಅಕ್ಕೂರಿನಲ್ಲಿ ಮಗಳ ಮನೆಯಲ್ಲಿ. ಚನ್ನಪಟ್ಟಣದಿಂದ ಬಸ್ಸಿದೆ. ನಾನು ಹೋಗಿ ಕೇಳಿಲ್ಲ.